ಒಂದೇ ಶಾಯಿಯ ಡೈರಿ

ನೀಟಾಗಿ ಬರೆದ ಕಾಗದ ಕಂಡರೆ ನಾನು ಮೊದಲಿನಿಂದಲೂ ಮರುಳು. ಅಂಚು ಬಿಟ್ಟ ಬರಹ, ಗೆರೆ ತಪ್ಪದ ಅಕ್ಷರ, ದಿನಾಂಕದ ಕೆಳಗೆ ದಿನಾಂಕ ಸರಿಯಾಗಿ ಕೂತಿರುವುದು, ಇಷ್ಟಿದ್ದರೆ ಬರೆದವರು ಒಳ್ಳೆಯವರೇ ಎಂದು ಅರ್ಧ ತೀರ್ಮಾನ ಮಾಡಿಬಿಡುತ್ತೇನೆ. ದಾವಣಗೆರೆಯಲ್ಲಿ ನಮ್ಮ ತಂದೆ ಶಾಲೆ ಮೇಷ್ಟರಾಗಿದ್ದರು. ಈ ರೋಗ ಅವರಿಂದ ಅಂಟಿದ್ದು. ಕುಡಿತ ಬಿಡಿಸುವ ಕ್ಲಿನಿಕ್ಕಿನಲ್ಲಿ ಕೌನ್ಸೆಲರ್ ಆಗಿರುವವಳಿಗೆ ಈ ಮೋಹ ಎಷ್ಟು ಅಪಾಯ ಎಂದು ತೋರಿಸಿಕೊಟ್ಟವನು ಪರವಾಡದ ಔಷಧ ಫ್ಯಾಕ್ಟರಿಯ ಒಬ್ಬ ಕೆಮಿಸ್ಟ್. ಅವನಿಗೂ ಅವನ ತಾಯಿಗೂ ಹೆಂಡತಿಗೂ ನಾನು ಋಣಿ. ಆ ಏಳು ತಿಂಗಳನ್ನು ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಜೂನ್ ತಿಂಗಳ ಒಂದು ಬೆಳಿಗ್ಗೆ ತಾಯಿ ಮಗ ಮಧುರವಾಡದ ನಮ್ಮ ಕ್ಲಿನಿಕ್ಕಿಗೆ ಬಂದರು. ಮಗನಿಗೆ ಮೂವತ್ತಾರು ವರ್ಷ, ಔಷಧ ಕಂಪನಿಯೊಂದರಲ್ಲಿ ಶಿಫ್ಟ್ ಇನ್‌ಚಾರ್ಜ್. ಅವನ ಫ್ಯಾಕ್ಟರಿ ವಿಶಾಖಪಟ್ಟಣದ ಆ ತುದಿಯಲ್ಲಿ, ನಾವು ಈ ತುದಿಯಲ್ಲಿ. ಇಷ್ಟು ದೂರ ಯಾಕೆ ಬಂದಿರಿ ಎಂದು ಕೇಳಿದೆ.

"ಕಂಪನಿ ಬಸ್ಸು ಈ ಕಡೆ ಬರಲ್ಲಂಡಿ, ಯಾರ ಕಣ್ಣಿಗೂ ಬೀಳಲ್ಲ" ಎಂದ.

ಅವನ ತಂದೆ ತೆಲುಗಿನವರು, ಈಗಿಲ್ಲ. ತಾಯಿ ಬಳ್ಳಾರಿಯವರು. ನನ್ನ ಮಾತಿನ ಧಾಟಿ ಕೇಳುತ್ತಲೇ ಆ ತಾಯಿ ಫಾರಂ ತುಂಬುವುದನ್ನು ಬಿಟ್ಟು ನನ್ನತ್ತ ತಿರುಗಿದರು. "ನೀನು ನಮ್ ಕಡೆಯಾಕಿ ಏನಮ್ಮ?"

"ದಾವಣಗೆರೆ, ಅಮ್ಮ."

"ಹಂಗಾದ್ರೆ ಇವ್ನು ನಿನ್ ತಮ್ಮ ಅನ್ಕೊಳ್ಳಮ್ಮ. ನಂಗೇನೂ ತಿಳಿಯವಲ್ದು."

ಕ್ಲಿನಿಕ್ಕಿನಲ್ಲಿ ಯಾರನ್ನೂ ತಮ್ಮ, ಅಣ್ಣ ಅಂದುಕೊಳ್ಳಬಾರದು ಎಂದು ನಮಗೆ ಕಲಿಸಿರುತ್ತಾರೆ. ಆದರೂ ಅಂದಿನಿಂದ ನನ್ನ ಮನಸ್ಸಿನಲ್ಲಿ ಅವನು 'ಅವನು' ಆಗಿಯೇ ಉಳಿದ, ಎದುರಿಗೆ ಮಾತ್ರ 'ನೀವು' ಎನ್ನುತ್ತಿದ್ದೆ.

ಅವನ ಹೆಂಡತಿ ಏಪ್ರಿಲ್ ರಜೆಯಲ್ಲಿ ಎಂಟು ವರ್ಷದ ಮಗಳನ್ನು ಕರೆದುಕೊಂಡು ವಿಜಯವಾಡದ ಹತ್ತಿರದ ಕೊಂಡಪಲ್ಲಿಯ ತವರಿಗೆ ಹೋದವರು ಮರಳಿರಲಿಲ್ಲ. ಮಗಳನ್ನು ಈ ವರ್ಷಕ್ಕೆ ಅಲ್ಲೇ ಶಾಲೆಗೆ ಸೇರಿಸಿದ್ದರು. ನೀವು ಕುಡಿತ ಬಿಟ್ಟು ನೆಟ್ಟಗಾದರೆ ಸಂಕ್ರಾಂತಿಗೆ ಮನೆಗೆ ಬರುತ್ತೇವೆ, ಇಲ್ಲವಾದರೆ ಬರುವುದೇ ಇಲ್ಲ ಎಂದು ಫೋನಿನಲ್ಲಿ ಹೇಳಿ, ಆಮೇಲೆ ಆ ಮಾತನ್ನು ಎರಡನೇ ಸಲ ಎತ್ತಿರಲಿಲ್ಲ. ಜೋರು ಮಾಡಿ ಹೇಳುವವರ ಮಾತನ್ನು ಹೇಗೋ ತೇಲಿಸಬಹುದು, ಒಂದೇ ಸಲ ಮೆತ್ತಗೆ ಹೇಳುವವರದ್ದು ಕಷ್ಟ. ಅದು ಅವನಿಗೂ ಗೊತ್ತಿತ್ತು.

ಅಡ್ಮಿಟ್ ಮಾಡದೆ, ಮನೆಯಿಂದಲೇ ಓಡಾಡಿಸಿ ಕುಡಿತ ಬಿಡಿಸಲು ಕೆಲವು ಷರತ್ತುಗಳಿವೆ. ಹಿಂದೆ ಬಿಟ್ಟಾಗ ಫಿಟ್ಸ್ ಬಂದಿರಬಾರದು, ಇಲ್ಲದ್ದು ಕಣ್ಣಿಗೆ ಕಂಡಿರಬಾರದು, ಮನೆಯಲ್ಲಿ ಒಬ್ಬರು ಸದಾ ಜೊತೆಗಿರಬೇಕು, ಮೊದಲ ವಾರ ದಿನವೂ ಬಂದು ತೋರಿಸಿಕೊಳ್ಳಬೇಕು. ಅವನು ಎಲ್ಲಕ್ಕೂ ಹೊಂದುತ್ತಿದ್ದ. ಕಂಪನಿಗೆ ಜ್ವರ ಎಂದು ಹೇಳಿ ಹತ್ತು ದಿನ ರಜೆ ಹಾಕಿದ. ದಿನವೂ ಬಿಪಿ, ನಾಡಿ ನೋಡುತ್ತಿದ್ದೆವು. ಎರಡೂ ಕೈ ಮುಂದೆ ಚಾಚಿಸಿ ಬೆರಳುಗಳ ನಡುಕ ನೋಡುತ್ತಿದ್ದೆವು. ಬೆವರು ಎಷ್ಟು, ವಾಕರಿಕೆ ಇದೆಯೇ, ಇವತ್ತು ಯಾವ ವಾರ ಎಂದು ಕೇಳಿ ಅಂಕ ಹಾಕುತ್ತಿದ್ದೆವು. ಬಿ ಒನ್ ಇಂಜೆಕ್ಷನ್ ಕೊಡುತ್ತಿದ್ದೆವು. ನಡುಕ ತಡೆಯುವ ಮಾತ್ರೆಯನ್ನು ಎರಡೆರಡು ದಿನಕ್ಕೆ ಆಗುವಷ್ಟೇ ಎಣಿಸಿ ತಾಯಿಯ ಕೈಗೆ ಕೊಡುತ್ತಿದ್ದೆವು, ಪ್ರತಿ ಸಲ ಸ್ವಲ್ಪ ಕಡಿಮೆ ಮಾಡುತ್ತಾ. ಆಕೆ ಅದನ್ನು ಮೆಂತ್ಯದ ಡಬ್ಬಿಯಲ್ಲಿ ಅಡಗಿಸಿಡುತ್ತಿದ್ದರಂತೆ. ಒಂಬತ್ತನೆಯ ದಿನಕ್ಕೆ ಬೆರಳ ನಡುಕ ನಿಂತಿತು.

ಕೈ ನಿಂತಿತು, ಮುಖ ಮಾತ್ರ ಏಳಲಿಲ್ಲ. "ಬೆಳಿಗ್ಗೆ ಎದ್ರೆ ಯಾರೋ ಒಳಗೆ ವಾಲ್ವ್ ಮುಚ್ಚಿದಂಗೆ ಇರ್ತೈತೆ ಮೇಡಂ. ಏನೂ ಹರಿಯಲ್ಲ" ಎನ್ನುತ್ತಿದ್ದ. ಮಗಳ ಫೋನ್ ಬಂದರೂ ಎತ್ತಲು ಮನಸ್ಸಾಗುತ್ತಿರಲಿಲ್ಲವಂತೆ. ನಾನು ಇಲ್ಲಿಗೆ ಬರುವ ಮೊದಲು ವಿಜಯವಾಡದಲ್ಲಿ ಇದೇ ಬಗೆಯ ಕೆಲಸ ಮಾಡಿದ್ದೆ. ಅಲ್ಲಿ ಕಲಿತ ಪಾಠ ಒಂದೇ, ಮೊದಲು ಕುಡಿತ ನೋಡು, ಮನಸ್ಸು ಆಮೇಲೆ. ಕುಡಿತ ನಿಂತರೆ ಬೇಸರ ತಾನಾಗಿ ಇಳಿಯುವುದು ಎಷ್ಟೋ ಜನರಲ್ಲಿ ನಿಜ ಕೂಡ. ನಾಲ್ಕು ವಾರ ಕಾಯೋಣ ಎಂದು ನಮ್ಮ ಡಾಕ್ಟರ್ ಹೇಳಿದರು. ಕಾದರೂ ಬೇಸರ ಇಳಿಯಲಿಲ್ಲ. ಐದನೆಯ ವಾರ ಖಿನ್ನತೆಯ ಮಾತ್ರೆ ಶುರು ಮಾಡಿದರು.

ಜೊತೆಗೆ ನಾನು ಅವನಿಗೆ ಡೈರಿ ಕೊಟ್ಟಿದ್ದೆ. ಇದು ನಮ್ಮ ಚಿಕಿತ್ಸೆಯ ಮಾಮೂಲು ಭಾಗ. ದಿನಾಂಕ, ಕುಡಿಯುವ ಆಸೆ ಹತ್ತಕ್ಕೆ ಎಷ್ಟು, ಆಗ ಎಲ್ಲಿದ್ದೆ, ಏನು ಮಾಡಿ ತಡೆದೆ, ಕುಡಿದೆನೋ ಇಲ್ಲವೋ, ಎಷ್ಟು ಗಂಟೆ ನಿದ್ದೆ. ಹೆಚ್ಚಿನವರು ಇದನ್ನು ಬರೆಯುವುದೇ ಇಲ್ಲ. ಬರೆದರೂ ಸಾಂಬಾರಿನ ಕಲೆಯ ಜೊತೆ ಎರಡು ದಿನದ್ದು ಸಿಕ್ಕರೆ ಪುಣ್ಯ. ಇವನ ಡೈರಿ ನೋಡಿ ನನ್ನ ಹೊಟ್ಟೆ ತಣ್ಣಗಾಯಿತು. ಸ್ಕೇಲ್ ಇಟ್ಟು ಗೆರೆ, ಮುತ್ತಿನಂಥ ಅಕ್ಷರ, ನೀಲಿ ಶಾಯಿ, ಒಂದು ದಿನವೂ ಖಾಲಿಯಿಲ್ಲ.

"ಔಷಧಿ ಫ್ಯಾಕ್ಟರಿಯಲ್ಲಿ ಇದೇ ಕೆಲಸ ಅಂಡಿ" ಎಂದು ವಿವರಿಸಿದ. ಒಂದೊಂದು ಬ್ಯಾಚ್ ಮಾತ್ರೆಗೂ ಒಂದು ದಾಖಲೆ ಪುಸ್ತಕ ಇರುತ್ತದೆ. ಎಷ್ಟು ಗಂಟೆಗೆ ಏನು ಸುರಿದೆವು, ಎಷ್ಟು ಬಿಸಿ ಮಾಡಿದೆವು, ಎಲ್ಲವನ್ನೂ ಆಗಿಂದಾಗಲೇ ಬರೆಯಬೇಕು. ಮಾಡಿದವರು ಒಂದು ಸಹಿ, ನೋಡಿದವರು ಇನ್ನೊಂದು ಸಹಿ. "ಬರೀದೇ ಇದ್ದಿದ್ದು ಮಾಡೇ ಇಲ್ಲ ಅಂತ ಲೆಕ್ಕ. ತಪ್ಪಾದ್ರೆ ಅಳಿಸಂಗಿಲ್ಲ. ಒಂದೇ ಗೆರೆ ಹೊಡ್ದು ಪಕ್ಕದಾಗೆ ಸಹಿ ಹಾಕ್ಬೇಕು."

ಪ್ರತಿ ಭಾನುವಾರ ಅವನು ಆ ವಾರದ ಪುಟದ ಫೋಟೋ ತೆಗೆದು ಹೆಂಡತಿಗೆ ಕಳಿಸುತ್ತಿದ್ದ. ಸಂಕ್ರಾಂತಿಗೆ ಅವನ ಕೈಯಲ್ಲಿದ್ದ ಸಾಕ್ಷಿ ಅದೊಂದೇ.

ಒಂಬತ್ತನೆಯ ವಾರದ ಹೊತ್ತಿಗೆ ಅವನು ಬೆಳಗತೊಡಗಿದ. ಬೇರೆ ಮಾತು ಇಲ್ಲ ಅದಕ್ಕೆ. ಮೆಟ್ಟಿಲು ಎರಡೆರಡು ಹತ್ತಿ ಬರುತ್ತಿದ್ದ. ಶನಿವಾರ ಎಂಟು ಹತ್ತು ಜನ ಕೂತು ಮಾತಾಡುವ ಗುಂಪಿನಲ್ಲಿ, ಹಿಂದೆ ಬಾಯಿ ಬಿಡದವನು, ಇಪ್ಪತ್ತು ನಿಮಿಷ ನಿಲ್ಲಿಸದೆ ಮಾತಾಡಿದ. ಕುಡಿತ ಬಿಟ್ಟವರಿಗಾಗಿ ಪರವಾಡದಲ್ಲೇ ಒಂದು ಸಂಘ ಕಟ್ಟುವ ಯೋಜನೆ ಹೇಳಿದ. ನಮ್ಮ ಕೇಸ್ ಶೀಟ್‌ಗಳ ನಮೂನೆ ಸರಿಯಿಲ್ಲವೆಂದು ಹೊಸದನ್ನು ಬರೆದು ತಂದುಕೊಟ್ಟ. ನಮಗೆಲ್ಲ ಖುಷಿಯೋ ಖುಷಿ. ನಾನಂತೂ ಅವನ ಡೈರಿಯನ್ನು ಗುಂಪಿನಲ್ಲಿ ಎತ್ತಿ ಹಿಡಿದು, ಬರೆದರೆ ಹೀಗೆ ಬರೆಯಬೇಕು ನೋಡಿ ಎಂದೆ. ಜೆರಾಕ್ಸ್ ಮಾಡಿಸಿ ಹಂಚಿಯೂ ಬಿಟ್ಟೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಸಾಲಿನಲ್ಲಿ ಆ ದಿನ ನಾನೇ ಮೊದಲು ನಿಂತಿದ್ದೆ.

ಸೆಪ್ಟೆಂಬರಿನ ಮೊದಲ ಗುರುವಾರ. ಅವನು ರಕ್ತ ಕೊಡಲು ಒಳಗೆ ಹೋಗಿದ್ದ. ಮೇಜಿನ ಮೇಲೆ ಬಿಟ್ಟಿದ್ದ ಡೈರಿಯನ್ನು ಸುಮ್ಮನೆ, ಓದುವ ಸುಖಕ್ಕೆ ಎಂಬಂತೆ, ತೆರೆದೆ. ಗುರುವಾರದ ಸಾಲು ತುಂಬಿತ್ತು. ಶುಕ್ರವಾರದ್ದೂ ತುಂಬಿತ್ತು. ಶನಿವಾರ, ಭಾನುವಾರ ಕೂಡ. ಆಸೆ: ಎರಡು. ಕುಡಿತ: ಇಲ್ಲ. ನಿದ್ದೆ: ಏಳು ಗಂಟೆ. ಹಿಂದಕ್ಕೆ ತಿರುವುತ್ತಾ ಹೋದೆ. ಮೂರು ವಾರಗಳಿಂದ ಒಂದೊಂದು ವಾರದ ಸಾಲುಗಳಿಗೂ ಶಾಯಿಯ ಒಂದೇ ಛಾಯೆ, ಕೈಯ ಒಂದೇ ಒತ್ತು, ಒಂದೇ ಕೂತಲ್ಲಿ ಬರೆದಂತೆ. ನಿದ್ದೆಯ ಕಾಲಂನಲ್ಲಿ ಮೇಲಿಂದ ಕೆಳಗೆ ಏಳು, ಏಳು, ಏಳು. ರಾತ್ರಿ ಪಾಳಿ ಮಾಡಿದ ದಿನಗಳಲ್ಲೂ ಏಳು.

ಅವನು ಹತ್ತಿಯನ್ನು ತೋಳಿಗೆ ಒತ್ತಿಕೊಂಡು ಬಂದು ಕೂತ. ನಾನು ಪುಟ ಅವನ ಕಡೆ ತಿರುಗಿಸಿದೆ. "ಇವತ್ತು ಯಾವ ವಾರ?"

ಜೂನ್‌ನಲ್ಲಿ ದಿನವೂ ಕೇಳುತ್ತಿದ್ದ ಪ್ರಶ್ನೆಯೇ. ಅವನು ಪುಟ ನೋಡಿದ, ನನ್ನನ್ನು ನೋಡಿದ, ತಲೆ ತಗ್ಗಿಸಿದ.

"ಶನಿವಾರ ಭಾನುವಾರ ನೈಟ್ ಶಿಫ್ಟ್ ಐತೆ ಮೇಡಂ. ಟೈಮ್ ಸಿಗಲ್ಲ ಅಂತ ಬಸ್ಸಿನಾಗೆ ಕೂತು ಬರ್ದೆ."

"ಕುಡೀತಾ ಇದ್ದೀರಾ?"

"ಹತ್ತು ಹನ್ನೆರಡು ದಿನ ಆಯ್ತು. ನಿದ್ದೆ ಬರ್ಲಿ ಅಂತ." ಹತ್ತಿಯನ್ನು ಬುಟ್ಟಿಗೆ ಹಾಕಿ ತಾನೇ ಮುಂದುವರಿಸಿದ. "ಫ್ಯಾಕ್ಟರಿನಾಗೆ ಹಿಂಗೆ ಮುಂಚೇನೇ ಬರೆದಿಟ್ಟೋರಿಗೆ ನಾನೇ ಮೆಮೊ ಕೊಡ್ಸೀನಿ. ಆಚಾರ ಹೇಳೋದು, ಬದನೆಕಾಯಿ ತಿನ್ನೋದು ಅಂತ ನಮ್ಮಮ್ಮ ಅಂತಾಳಲ್ಲ, ಅದೇ ಆಯ್ತು."

"ನನಗೆ ಹೇಳಬಹುದಿತ್ತಲ್ಲ?"

"ನೀವು ಎಲ್ರ ಮುಂದೆ ಎತ್ತಿ ತೋರ್ಸಿದ್ರಿ ಮೇಡಂ. ಅದಾದ್ಮೇಲೆ 'ಕುಡಿದೆ' ಅಂತ ಬರೆಯಾಕೆ ಕೈ ಬರ್ಲಿಲ್ಲ."

ಹೊಗಳಿ ಅಟ್ಟಕ್ಕೇರಿಸಿ ಏಣಿ ತೆಗೆದವಳು ನಾನೇ. ಆದರೆ ಆ ಹೊತ್ತಿನಲ್ಲಿ ಅಷ್ಟು ಒಳ್ಳೆಯ ಬುದ್ಧಿ ಬರಲಿಲ್ಲ. ನನಗೆ ಸಿಟ್ಟು ಬಂತು, ಮೈಯೆಲ್ಲ ಉರಿಯುವಂಥ ಸಿಟ್ಟು. ಮನೆಯವರಿಗೆ ನೀವೇ ತಿಳಿಸಬೇಕು, ಈಗಲೇ, ಎಂದೆ. ಅವನು ನನ್ನ ಎದುರಿಗೇ ಹೆಂಡತಿಗೆ ಫೋನ್ ಮಾಡಿ, ತೆಲುಗಿನಲ್ಲಿ, ಏನನ್ನೂ ಮುಚ್ಚದೆ ಹೇಳಿದ. ಆಕೆ ಕೊಟ್ಟ ಉತ್ತರವನ್ನು ಫೋನಿಟ್ಟ ಮೇಲೆ ನನಗೂ ತಿಳಿಸಿದ. ನನಗೆ ಗೊತ್ತಿತ್ತು, ಸುಳ್ಳು ಬರೆಯುವಾಗಲೇ ನಿಮ್ಮ ಅಕ್ಷರ ಅಷ್ಟು ಚೆಂದ ಇರೋದು, ಎಂದರಂತೆ. ಓದಿ ತರಬೇತಿ ಪಡೆದ ನನಗೆ ಕಾಣದ್ದು ಕೊಂಡಪಲ್ಲಿಯಲ್ಲಿ ಕೂತು ಫೋಟೋ ನೋಡಿದವರಿಗೆ ಕಂಡಿತ್ತು.

ಮಾರನೆಯ ದಿನ ಕೇಸ್ ಮೀಟಿಂಗ್. ಹೊರಗಿನಿಂದ ಓಡಾಡುತ್ತಾ ಚಿಕಿತ್ಸೆ ಪಡೆಯುವವರು ಮತ್ತೆ ಕುಡಿದು, ಅದನ್ನು ಮುಚ್ಚಿಟ್ಟರೆ ಒಂದು ತಿಂಗಳು ಒಳರೋಗಿಯಾಗಿ ಬೇರೆ ಕಡೆ ಕಳಿಸುವುದು ನಮ್ಮಲ್ಲಿನ ಪದ್ಧತಿ. ಒಂದು ತಿಂಗಳು ಕಾಣೆಯಾದರೆ ಕಂಪನಿಯಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ, ಶಿಫ್ಟ್ ಹೋಗುತ್ತದೆ, ಕೆಲಸ ಉಳಿಯುವುದೂ ಅನುಮಾನ. ಕೆಲಸ ಹೋದವನ ಮನೆಗೆ ಸಂಕ್ರಾಂತಿಗೆ ಯಾರು ಬರುತ್ತಾರೆ? ಇದೆಲ್ಲ ಗೊತ್ತಿದ್ದೂ ಅಡ್ಮಿಷನ್‌ಗೆ ನಾನು ಹೂಂ ಎಂದೆ. ನ್ಯಾಯವಾಗಿ ಹೇಳುವುದಾದರೆ, ಆ ಹೂಂನಲ್ಲಿ ಚಿಕಿತ್ಸೆಗಿಂತ ಸಿಟ್ಟೇ ಜಾಸ್ತಿ ಇತ್ತು. ಸೋಮವಾರ ಕಾಗದ ತಯಾರಿಸೋಣ ಎಂದು ಡಾಕ್ಟರ್ ಎದ್ದರು.

ಹೊರಗೆ ಬೆಂಚಿನ ಮೇಲೆ ತಾಯಿ ಕೂತಿದ್ದರು. ಪಕ್ಕದಲ್ಲಿ ಕೂತು, ನಿಮ್ಮ ಮಗನಿಗೆ ಒಂದು ತಿಂಗಳು ಅಲ್ಲಿ ಕುಡಿಯಲು ಸಿಗುವುದಿಲ್ಲ, ನೀವು ಹೆದರಬೇಡಿ ಅಮ್ಮ, ಎಂದು ಸಮಾಧಾನ ಹೇಳತೊಡಗಿದೆ.

"ಕುಡ್ದಾಗ ನಂಗೆ ಭಯ ಇಲ್ಲಮ್ಮ" ಎಂದರು ಆಕೆ. "ಕುಡ್ದಾಗ ಬಿದ್ಕೊಂಡು ನಿದ್ದೆ ಮಾಡ್ತಾನೆ. ಕುಡೀದೇ ಇದ್ದಾಗ್ಲೇ ನಂಗೆ ಭಯ. ಈ ಸಾರಿ ಕುಡಿಯಾಕೆ ಮುಂಚೆ ಎಂಟು ದಿನ ಕಣ್ಣೇ ಮುಚ್ಚಿಲ್ಲ. ಬಟ್ಟೆ ಒಗೀತಾನೆ, ಫ್ಯಾನ್ ಬಿಚ್ಚಿ ಒರೆಸ್ತಾನೆ, ಹಾಡ್ತಾನೆ. ಪಕ್ಕದ ಮನೆಯೋರು ಮಗ ಎಷ್ಟು ಚುರುಕು ಅಂತಾರೆ."

"ನಮಗೆ ಯಾಕೆ ಹೇಳಲಿಲ್ಲ ಅಮ್ಮ?"

"ಈ ಸಾರಿ ಕುಡ್ದಿದ್ದು ಮಾತ್ರ, ನಿದ್ದೆ ಮಾಡ್ಲಿ ಅಂತ ಬಾಯಿ ಬಿಡ್ಲಿಲ್ಲ. ಅದಕ್ಕೂ ಮುಂಚೆ ನೀವು ಕುಡಿತದ್ದೇ ಕೇಳ್ತಿದ್ರಿ. ಕೇಳಿದ್ದಕ್ಕೆ ಹೇಳಿದ್ನಮ್ಮ."

ನಿಜ. ಮೂರು ತಿಂಗಳು ದಿನಕ್ಕೆ ಎಷ್ಟು, ಯಾವಾಗ, ಯಾರ ಜೊತೆ ಎಂದು ಕೇಳಿದ್ದೆವು. ಕುಡಿಯದ ದಿನ ಹೇಗಿರುತ್ತಾನೆ ಎಂದು ಕೇಳಿರಲಿಲ್ಲ, ಕುಡಿಯದ ದಿನ ಒಳ್ಳೆಯ ದಿನ ಎಂದು ನಾವೇ ನಂಬಿದ್ದೆವು. ನಾನು ಎದ್ದು ಡಾಕ್ಟರ್ ಕೋಣೆಗೆ ವಾಪಸ್ ಹೋದೆ. ಎರಡು ವಾರ ಕೊಡಿ, ಅಡ್ಮಿಷನ್ ಈಗ ಬೇಡ, ಇವರ ಕಥೆಯನ್ನು ನಾವು ತಲೆಕೆಳಗಾಗಿ ಓದಿದ್ದೇವೆ ಅನ್ನಿಸುತ್ತಿದೆ, ಎಂದೆ. ಅರ್ಧ ಗಂಟೆ ಮುಂಚೆ ಹೂಂ ಎಂದವಳು ಈಗ ಬೇಡ ಎನ್ನುವುದು ಮರ್ಯಾದೆಯ ಕೆಲಸವಲ್ಲ. ಡಾಕ್ಟರ್ ಕನ್ನಡಕ ತೆಗೆದು ನನ್ನನ್ನು ನೋಡಿದರು. ಅಲ್ಲಿಯವರೆಗೆ ದಿನಾ ಬಂದು ಊದಿ ಉಸಿರು ತೋರಿಸಬೇಕು, ರಜೆ ಹಾಕಬೇಕು, ಮಾತ್ರೆ ತಾಯಿಯ ಕೈಯಲ್ಲೇ ಇರಬೇಕು, ಒಂದು ತಪ್ಪಿದರೂ ಅಡ್ಮಿಟ್, ಎಂದು ಒಪ್ಪಿದರು. ಆ ಒಪ್ಪಿಗೆಗೆ ನಾನು ಇಂದಿಗೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ನನ್ನ ಗಂಡ ಬ್ಯಾಂಕ್ ಅಧಿಕಾರಿ, ಪೋಸ್ಟಿಂಗ್ ವಿಜಯವಾಡದಲ್ಲಿ. ನಾನು ಮಗಳ ಕಾಲೇಜು ಮತ್ತು ಈ ಕೆಲಸದ ದೆಸೆಯಿಂದ ವಿಶಾಖಪಟ್ಟಣದಲ್ಲಿ. ಬ್ಯಾಂಕಿಗೆ ರಜೆ ಇರುವ ಎರಡನೇ ಮತ್ತು ನಾಲ್ಕನೇ ಶನಿವಾರ ನಾನು ರೈಲು ಹತ್ತುವುದು ನಮ್ಮ ಸಂಸಾರದ ಕಟ್ಟಳೆ. ಆ ಸಲ ಹೊರಡುವ ಮುಂಚೆ ಕೆಮಿಸ್ಟ್‌ನಿಂದ, ಹೆಂಡತಿಯ ಜೊತೆ ಮಾತಾಡಬಹುದು ಎಂದು ಬರೆಸಿ ಸಹಿ ತೆಗೆದುಕೊಂಡೆ. ವಿಜಯವಾಡದಲ್ಲಿ ಗಂಡನಿಗೆ ಚಪಾತಿ ಹಿಟ್ಟು ಕಲಸಿಟ್ಟು ಕೊಂಡಪಲ್ಲಿಯ ಬಸ್ಸು ಹತ್ತಿದೆ. ರಜೆಯ ದಿನವೂ ಡ್ಯೂಟಿಯೇ ಎಂದು ಅವರು ಗೊಣಗಿದರು. ಚಪಾತಿ ಲಟ್ಟಿಸುವುದು ನಿಮ್ಮ ಡ್ಯೂಟಿ ಎಂದು ಹೇಳಿ ಬಂದೆ.

ಅವನ ಹೆಂಡತಿಯ ತಂದೆ ಮರದ ಗೊಂಬೆ ಮಾಡುವವರು. ಮನೆಯ ಮುಂದಿನ ಭಾಗವೇ ಕಾರ್ಖಾನೆ. ಹಗುರವಾದ ಬಿಳಿ ಮರದ ಹೊಟ್ಟು ನೆಲದ ತುಂಬ, ಹುಣಸೆಬೀಜದ ಅಂಟಿನ ವಾಸನೆ. ಆಕೆ ಗೋಡೆಗೆ ಒರಗಿ ಕೂತು ಗೊಂಬೆಗಳಿಗೆ ಕಣ್ಣು ಬರೆಯುತ್ತಿದ್ದರು. ತೆಳ್ಳಗಿನ ಮೈ, ಅವಸರವಿಲ್ಲದ ಕೈ. ನಾವು ಮಾತಾಡಿದ್ದೆಲ್ಲ ತೆಲುಗಿನಲ್ಲಿ.

"ಅವರು ಕುಡಿಯದೆ ಇದ್ದಾಗ ಹೇಗಿರ್ತಾರೆ?" ಎಂದು ಕೇಳಿದೆ.

ಆಕೆಯ ಕುಂಚ ನಿಂತಿತು. "ಇದನ್ನ ಯಾರೂ ಕೇಳಿರಲಿಲ್ಲ ಮೇಡಂ ಗಾರು" ಎಂದರು. ಕುಂಚ ತೊಳೆದಿಟ್ಟು ಎದ್ದು, ನನ್ನನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ, ಅಟ್ಟದಿಂದ ಎರಡು ರಟ್ಟಿನ ಪೆಟ್ಟಿಗೆ ಇಳಿಸಿದರು.

ಒಳಗೆ ಅಂಬಾರಿ ಹೊತ್ತ ಆನೆಗಳು, ಒಟ್ಟು ನಲವತ್ತೆರಡು. ಹಿಂದಿನ ಸಂಕ್ರಾಂತಿಗೆ ಅಳಿಯ ಇಲ್ಲಿಗೆ ಬಂದಿದ್ದ. ಈ ಮನೆಯಲ್ಲಿ ಕುಡಿತಕ್ಕೆ ಜಾಗವಿಲ್ಲ, ಕುಡಿದೂ ಇರಲಿಲ್ಲ. ಅದರ ಹಿಂದಿನ ವಾರವೆಲ್ಲ ಅವನಿಗೆ ನೈಟ್ ಶಿಫ್ಟ್ ಇತ್ತಂತೆ. ಬಂದವನು ಮಾವನಿಗೆ ಸಹಾಯ ಮಾಡುತ್ತೇನೆ ಎಂದು ಕೂತು, ಮೂರು ಹಗಲು ಮೂರು ರಾತ್ರಿ ಏಳದೆ ಇಷ್ಟಕ್ಕೂ ಬಣ್ಣ ಬಳಿದ. ಮೊದಲ ಎಂಟು ಹತ್ತು ಆನೆಗಳು ಲಕ್ಷಣವಾಗಿದ್ದವು. ಆಮೇಲಾಮೇಲೆ ನೇರಳೆ ಸೊಂಡಿಲು, ಕಿತ್ತಳೆ ಕಿವಿ, ಒಂದರ ಮೇಲೆ ಒಂದು ಬಣ್ಣ, ಕೊನೆಯದಕ್ಕೆ ಮೈಯೆಲ್ಲ ಕಣ್ಣು.

"ಅಳಿಯನ ಕೈಕೆಲಸ. ಮಾರೋಹಾಗಿಲ್ಲ, ಎಸೆಯೋಹಾಗಿಲ್ಲ ಅಂತ ನಾನ್ನ ಅಟ್ಟದ ಮೇಲಿಟ್ರು" ಎಂದರು ಆಕೆ. ತಂದೆಯನ್ನು ಅವರು ಕರೆಯುವುದು ಹಾಗೆ. "ಆಗ ಎಲ್ಲರೂ ಎಷ್ಟು ಹೊಗಳಿದೆವು. ಎರಡು ವಾರ ಕಳೆದ ಮೇಲೆ ಬಿದ್ದರು ನೋಡಿ, ಹಾಸಿಗೆ ಬಿಟ್ಟು ಏಳಲಿಲ್ಲ. ಕುಡಿತ ಜೋರಾಗಿದ್ದು ಆಮೇಲೆ."

ಒಂದು ಆನೆಯನ್ನು ಕೈಗೆತ್ತಿಕೊಂಡು ತಿರುಗಿಸಿದೆ. ಅಡಿಯಲ್ಲಿ ಪೆನ್ಸಿಲ್ ಬರಹ ಇತ್ತು. ಬ್ಯಾಚ್ ನಂಬರ್ ಒಂದು, ದಿನಾಂಕ, ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು, ಸಹಿ. ಎರಡನೆಯದಕ್ಕೂ ಇತ್ತು, ಮೂರನೆಯದಕ್ಕೂ. ಫ್ಯಾಕ್ಟರಿ ಅಭ್ಯಾಸ ಕೈಬಿಟ್ಟಿರಲಿಲ್ಲ. ನಾವಿಬ್ಬರೂ ನೆಲದ ಮೇಲೆ ಕೂತು ನಲವತ್ತೆರಡು ಆನೆಗಳನ್ನೂ ಬೋರಲು ಹಾಕಿ ಸಾಲಾಗಿ ಜೋಡಿಸಿದೆವು. ನಡುರಾತ್ರಿ ದಾಟಿದ ಮೇಲೂ ಒಂದೂವರೆ, ಎರಡೂಕಾಲು, ಮೂರು ಹತ್ತು, ನಾಲ್ಕು ಇಪ್ಪತ್ತು, ಐದು ಗಂಟೆ. ಮೂರು ದಿನದಲ್ಲಿ ಎಲ್ಲೂ ಒಂದು ಗಂಟೆಗಿಂತ ಜಾಸ್ತಿ ಬಿಡುವಿರಲಿಲ್ಲ. ಅಕ್ಷರ ಆನೆಯಿಂದ ಆನೆಗೆ ದೊಡ್ಡದಾಗುತ್ತಾ, ಓಡುತ್ತಾ, ಕೊನೆಗೆ ಅಂಚು ದಾಟಿ ಕಾಲಿನ ಮೇಲೆ ಹತ್ತಿತ್ತು. ಯಾರಿಗೂ ತೋರಿಸಲೆಂದು ಬರೆದದ್ದಲ್ಲ, ಆಗಿಂದಾಗಲೇ ಬರೆದದ್ದು. ನಾನು ಜೂನ್‌ನಿಂದ ಓದಬೇಕಾಗಿದ್ದ ಡೈರಿ ಕೊಂಡಪಲ್ಲಿಯ ಅಟ್ಟದ ಮೇಲೆ ಕೂತಿತ್ತು.

ಹೊರಡುವಾಗ, ಸಂಕ್ರಾಂತಿಯ ಮಾತು ಏನಾಯಿತು ಎಂದು ನಾನು ಕೇಳಲಿಲ್ಲ. ಆಕೆಯೇ ಹೇಳಿದರು, "ಕುಡಿದಿದ್ದಕ್ಕಿಂತ ಸುಳ್ಳು ಬರೆದಿದ್ದು ನೋವಾಯ್ತು ಮೇಡಂ ಗಾರು. ನಿಜ ಬರೆದರೆ ನೋಡೋಣ."

ಸೋಮವಾರ ಡಾಕ್ಟರ್ ಮೇಜಿನ ಮೇಲೆ ಆನೆಗಳ ಫೋಟೋಗಳನ್ನು ಕ್ರಮವಾಗಿ ಇಟ್ಟೆ. ಅವರು ತುಂಬ ಹೊತ್ತು ನೋಡಿದರು. ಆಮೇಲೆ ಅವನ ಫೈಲ್ ತೆಗೆದು, ಖಿನ್ನತೆ ಎಂದು ತಾವು ಬರೆದಿದ್ದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಬೈಪೋಲಾರ್ ಎಂದು ಬರೆದು ಸಹಿ ಹಾಕಿದರು. "ಇದಿ ನಾ ತಪ್ಪು" ಎಂದರು, ಮಾಮೂಲು ದನಿಯಲ್ಲಿ. ಈ ಕಾಯಿಲೆಯಲ್ಲಿ ಮನಸ್ಸು ಕೆಲವು ದಿನ ನಿದ್ದೆಯನ್ನೇ ಕೇಳದಷ್ಟು ಮೇಲೇರುತ್ತದೆ, ಆಮೇಲೆ ಅಷ್ಟೇ ಆಳಕ್ಕೆ ಬೀಳುತ್ತದೆ. ಬಿದ್ದಾಗ ನೋಡಿದವರಿಗೆ ಬರೀ ಖಿನ್ನತೆ ಕಾಣುತ್ತದೆ. ಖಿನ್ನತೆಯ ಮಾತ್ರೆ ಒಂದನ್ನೇ ಕೊಟ್ಟರೆ ಮತ್ತೆ ಮೇಲೆ ದೂಡುವ ಸಂಭವವಿದೆ. ನಿದ್ದೆಗೆಡಿಸುವ ರಾತ್ರಿ ಪಾಳಿ ಉರಿಯುವ ಒಲೆಗೆ ಸೌದೆ. ಒಂಬತ್ತನೆಯ ವಾರ ಅವನು ಬೆಳಗಿದ್ದನ್ನು ಕಂಡು ನಾವು ಸಂತೋಷಪಟ್ಟಿದ್ದು ಅವನ ಕಾಯಿಲೆಯನ್ನು ಕಂಡು. ಆ ಏರು ತಡೆಯಲಾರದೆ, ನಿದ್ದೆಗಾಗಿ ಅವನು ಬಾಟಲಿ ಹಿಡಿದಿದ್ದ.

ಅಂದಿನಿಂದ ಕುಡಿತ ಮೊದಲು, ಮನಸ್ಸು ಆಮೇಲೆ ಎನ್ನುವುದನ್ನು ಬಿಟ್ಟೆವು. ಎರಡಕ್ಕೂ ಒಟ್ಟಿಗೆ, ಒಂದೇ ಸೂರಿನಡಿ. ಹಳೆಯ ಮಾತ್ರೆ ನಿಲ್ಲಿಸಿ, ಮನಸ್ಸಿನ ಏರಿಳಿತ ಹಿಡಿದಿಡುವ ಲಿಥಿಯಂ ಶುರುವಾಯಿತು, ಜೊತೆಗೆ ಕುಡಿಯುವ ಆಸೆ ತಗ್ಗಿಸುವ ಮಾತ್ರೆ. ಲಿಥಿಯಂ ರಕ್ತದಲ್ಲಿ ಎಷ್ಟಿದೆ ಎಂದು ಆಗಾಗ ನೋಡಬೇಕು, ಮಾತ್ರೆ ನುಂಗಿ ಹನ್ನೆರಡು ಗಂಟೆಗೆ ಸರಿಯಾಗಿ ರಕ್ತ ಕೊಡಬೇಕು, ನೀರು ಚೆನ್ನಾಗಿ ಕುಡಿಯಬೇಕು ಎಂದಾಗ ಕೆಮಿಸ್ಟ್‌ನ ಮುಖ ಸಡಿಲವಾಯಿತು. "ಇದಕ್ಕೆ ಅಳತೆ ಐತಾ ಮೇಡಂ? ನಾನು ಇದೆಲ್ಲ ನಂದೇ ಕೊಬ್ಬು ಅನ್ಕೊಂಡಿದ್ದೆ" ಎಂದ. ವಾರಕ್ಕೊಂದು ದಿನ ನಾನೂ ಅವನೂ ಕೂತು, ಆಸೆ ಏಳುವ ಜಾಗ ಮತ್ತು ಹೊತ್ತುಗಳನ್ನು ಪಟ್ಟಿ ಮಾಡಿ, ಅದು ಇಳಿಯುವ ತನಕ ಇಪ್ಪತ್ತು ನಿಮಿಷ ಏನು ಮಾಡುವುದೆಂದು ಅಭ್ಯಾಸ ಮಾಡಿದೆವು. ಮಲಗುವ ಹೊತ್ತು, ಏಳುವ ಹೊತ್ತು ಗಟ್ಟಿ ಮಾಡಿದೆವು. ಬ್ಯಾಂಕ್ ರಜೆಯ ಶನಿವಾರಗಳಲ್ಲಿ ಅವನ ಹೆಂಡತಿ ವಿಜಯವಾಡಕ್ಕೆ ಬರುತ್ತಿದ್ದರು. ನಮ್ಮ ಮನೆಯ ಹಾಲ್‌ನಲ್ಲಿ ಕೂತು ವಿಡಿಯೋದಲ್ಲಿ ಅವನನ್ನೂ ಸೇರಿಸಿಕೊಂಡು ಮೂವರೂ ಮಾತಾಡುತ್ತಿದ್ದೆವು. ನನ್ನ ಗಂಡ ಅಷ್ಟು ಹೊತ್ತೂ ಅಡುಗೆಮನೆ ಬಾಗಿಲು ಹಾಕಿಕೊಂಡು ಇರುತ್ತಿದ್ದರು. ಪಾಪ, ಚಪಾತಿಯೂ ಕಲಿತರು.

ಕಷ್ಟದ್ದು ರಾತ್ರಿ ಪಾಳಿ. ಅದು ನಿಲ್ಲಬೇಕಾದರೆ ಕಂಪನಿಗೆ ಕಾರಣ ಹೇಳಬೇಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಅವನ ಆಸೆ. ಬೆನ್ನುನೋವು ಎಂದು ಬರೆದುಕೊಡಿ ಎಂದ. ಡಾಕ್ಟರ್ ಆಗುವುದಿಲ್ಲ ಎಂದರು. ಎರಡು ದಿನ ಬಿಟ್ಟು ತಾನೇ ಬಂದ. "ಬೆನ್ನುನೋವು ಅಂದ್ರೆ ಅದೂ ಬಸ್ಸಿನಾಗೆ ಕೂತು ಬರೆದಂಗೇ ಅಲ್ವಾ" ಎಂದು, ಇದ್ದದ್ದನ್ನೇ ಬರೆಸಿಕೊಂಡು ಹೋಗಿ ಕಂಪನಿಯ ವೈದ್ಯಾಧಿಕಾರಿಗೆ ಕೊಟ್ಟ. ಶಿಫ್ಟ್ ಇನ್‌ಚಾರ್ಜ್ ಪಟ್ಟ ಹೋಯಿತು. ಹಗಲು ಪಾಳಿಯಲ್ಲಿ, ಬೇರೆಯವರು ಬರೆದ ಬ್ಯಾಚ್ ದಾಖಲೆಗಳನ್ನು ಪರೀಕ್ಷಿಸುವ ಕೋಣೆಯಲ್ಲಿ ಕೂರಿಸಿದರು. ಕಳ್ಳನಿಗೆ ಕಾವಲು ಕೆಲಸ ಕೊಟ್ಟಂಗಾಯ್ತು ಎಂದು ನಕ್ಕ, ನಗುವಾಗ ಕಣ್ಣಲ್ಲಿ ನೀರಿತ್ತು.

ಹೊಸ ಡೈರಿಯ ನಮೂನೆ ಅವನೇ ಮಾಡಿದ. ಎರಡು ಸಹಿಯ ಕಾಲಂ, ಬರೆದವರು ಮತ್ತು ನೋಡಿದವರು. ನೋಡಿದವರ ಜಾಗದಲ್ಲಿ ತಾಯಿ ದಿನವೂ ಕನ್ನಡದಲ್ಲಿ ಸಹಿ ಹಾಕುತ್ತಿದ್ದರು. ಒಂದು ದಿನ ಅವನು ನಿದ್ದೆ ಏಳು ಗಂಟೆ ಎಂದು ಬರೆದಿದ್ದ. ತಾಯಿ ಅದರ ಮೇಲೆ ಒಂದೇ ಗೆರೆ ಹೊಡೆದು, ಐದು ಎಂದು ಬರೆದು, ಪಕ್ಕದಲ್ಲಿ ಸಹಿ ಮಾಡಿದ್ದರು. "ಹೊರಳಾಡಿದ್ದನ್ನ ನಿದ್ದೆ ಅನ್ನಂಗಿಲ್ಲಮ್ಮ" ಎಂದು ನನಗೆ ವಿವರಣೆ ಕೊಟ್ಟರು. ನಾವು ಆ ವಾರವೇ ಮಾತ್ರೆ ಸರಿಮಾಡಿದೆವು. ಆಕೆ ತಿದ್ದದೆ ಹೋಗಿದ್ದರೆ ಮತ್ತೊಂದು ಏರು ಶುರುವಾಗಿರುತ್ತಿತ್ತು.

ನವೆಂಬರಿನಲ್ಲಿ ಒಬ್ಬ ಸಹೋದ್ಯೋಗಿಯ ಬೀಳ್ಕೊಡುಗೆ ಊಟದಲ್ಲಿ ಅವನು ಜಾರಿದ. ಮರುದಿನ ಬೆಳಿಗ್ಗೆ ನಾವು ಬಾಗಿಲು ತೆರೆಯುವ ಮುಂಚೆಯೇ ಮೆಟ್ಟಿಲ ಮೇಲೆ ಕೂತಿದ್ದ. ಡೈರಿ ಚಾಚಿದ. ಕುಡಿದೆ, ತೊಂಬತ್ತು ಎಂಎಲ್, ಸಂಜೆ ಆರು ನಲವತ್ತು. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು, ಒಂದು ಕಡೆ ಪೆನ್ನು ಕೈಕೊಟ್ಟು ಬೇರೆ ಶಾಯಿಯಲ್ಲಿ ಮುಂದುವರಿದಿತ್ತು. ಕೆಳಗೆ ತಾಯಿಯ ಸಹಿ. ಫೋಟೋ ಕೊಂಡಪಲ್ಲಿಗೆ ಹೋಗಿದೆ ಎಂದ. ನನ್ನ ವೃತ್ತಿಯಲ್ಲಿ ಅಷ್ಟು ಚೆಂದದ ಪುಟ ನಾನು ನೋಡಿಲ್ಲ. ಆದರೆ ಅದನ್ನು ಎಲ್ಲೂ ಎತ್ತಿ ಹಿಡಿಯಲಿಲ್ಲ, ಯಾರಿಗೂ ತೋರಿಸಲಿಲ್ಲ. ಸರಿ, ಕೂತ್ಕೊಳ್ಳಿ, ಆರೂವರೆಗೆ ಏನಾಗ್ತಿತ್ತು ಹೇಳಿ, ಎಂದು ಕೆಲಸ ಶುರು ಮಾಡಿದೆ. ಹೆಂಡತಿಯಿಂದ ಆ ಫೋಟೋಗೆ ಉತ್ತರ ಬರಲಿಲ್ಲ. ಡಿಸೆಂಬರ್ ಪೂರ್ತಿ ಅವನು ಪ್ರತಿ ಭಾನುವಾರ ಪುಟ ಕಳಿಸಿದ. ಅವರು ನೋಡಿದ ಗುರುತು ಬೀಳುತ್ತಿತ್ತು, ಮಾತು ಬರುತ್ತಿರಲಿಲ್ಲ. ವಿಡಿಯೋ ಮಾತಿಗೆ ಮಾತ್ರ ತಪ್ಪದೆ ಬರುತ್ತಿದ್ದರು. ಬರುವ ವಿಚಾರ ಎತ್ತುತ್ತಿರಲಿಲ್ಲ, ನಾವೂ ಎತ್ತಲಿಲ್ಲ.

ಸಂಕ್ರಾಂತಿಗೆ ಎರಡು ದಿನ ಇರುವಾಗ, ಮಧ್ಯಾಹ್ನ ಅವನು ಒಬ್ಬನೇ ಕ್ಲಿನಿಕ್ಕಿಗೆ ಬಂದ. ಅಂದು ಅವನ ಸರದಿಯಿರಲಿಲ್ಲ. ಪೇಪರಿನಲ್ಲಿ ಸುತ್ತಿದ ಏನನ್ನೋ ಮೇಜಿನ ಮೇಲಿಟ್ಟು, "ತಾಳೆಮರ ಹತ್ತೋನ ಗೊಂಬೆ ತರೋಣ ಅಂದ್ಕೊಂಡೆ, ಹೆಂಡ ಇಳಿಸೋನು. ಬ್ಯಾಡ ಅಂದ್ರು" ಎಂದ.

ಬಿಚ್ಚಿದೆ. ಅಂಬಾರಿ ಹೊತ್ತ ಆನೆ. ಬೂದು ಮೈ, ಹಸಿರು ಹೊದಿಕೆ, ಎರಡೇ ಕಣ್ಣು. ಬಾಲ ಮಾತ್ರ ಗುಲಾಬಿ. ಅದು ಮಗಳ ಕೆಲಸವಂತೆ. ತಿರುಗಿಸಿ ನೋಡಿದೆ. ಬ್ಯಾಚ್ ನಂಬರ್ ಒಂದು. ಶುರು, ಬೆಳಿಗ್ಗೆ ಎಂಟೂಕಾಲು. ಮುಗಿದದ್ದು, ಒಂಬತ್ತು ನಲವತ್ತು. ಹಿಂದಿನ ರಾತ್ರಿಯ ನಿದ್ದೆ, ಏಳು ಗಂಟೆ. ಬರೆದವರು ಎಂಬಲ್ಲಿ ಅವನ ಸಹಿ, ನೀಲಿ ಶಾಯಿಯಲ್ಲಿ. ನೋಡಿದವರು ಎಂಬಲ್ಲಿ ತಾಯಿಯ ಕನ್ನಡದ ಸಹಿ ಇರಲಿಲ್ಲ. ಕಣ್ಣು ಬರೆಯುವ ಸಣ್ಣ ಕುಂಚದಲ್ಲಿ, ಕೆಂಪು ಬಣ್ಣದಲ್ಲಿ, ತೆಲುಗಿನಲ್ಲಿ ಹೆಂಡತಿಯ ಹೆಸರಿತ್ತು. ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ, ನನ್ನ ಹೆಬ್ಬೆರಳಿಗೆ ಅಂಟಿತು. ಕೊಂಡಪಲ್ಲಿಯಿಂದ ಇಲ್ಲಿಗೆ ಅರ್ಧ ದಿನದ ದಾರಿ. ಆ ಸಹಿ ಬಿದ್ದದ್ದು ಇವತ್ತು ಬೆಳಿಗ್ಗೆ, ಇದೇ ಊರಿನ ಅವನ ಮನೆಯಲ್ಲಿ.

"ನಿನ್ನೆ ಬಂದ್ರು ಅಕ್ಕ" ಎಂದ ಅವನು. "ಇಬ್ರೂ."

ಮೇಡಂ ಎನ್ನುತ್ತಿದ್ದವನು ಅಂದು ಮೊದಲ ಸಲ ಹಾಗೆ ಕರೆದ. ನಾನು ತಿದ್ದಲಿಲ್ಲ. ಅವನು ಹೋದ ಮೇಲೆ ಫೈಲ್ ತೆಗೆದು ಆ ದಿನದ ಟಿಪ್ಪಣಿ ಬರೆದೆ. ಬರೆದು ನೋಡಿದರೆ ಹೆಬ್ಬೆರಳಿನ ಕೆಂಪು ಹಾಳೆಯ ಮೂರು ಕಡೆ ಅಂಟಿತ್ತು. ಬೇರೆ ಹಾಳೆ ತೆಗೆದುಕೊಂಡು ನೀಟಾಗಿ ಬರೆಯಬಹುದಿತ್ತು. ಬರೆಯಲಿಲ್ಲ, ಅದಕ್ಕೇ ಸಹಿ ಹಾಕಿ ಫೈಲಿಗೆ ಸೇರಿಸಿದೆ.